ಫೋಟೋ ಕೆಳಗಿನ ಎರಡು ಸಾಲು: ಕಾಲೇಜು ಪತ್ರಿಕೆಗೆ ಕ್ಯಾಪ್ಶನ್ ಬರೆಯುವುದು ಹೇಗೆ?

ಕಾಲೇಜಿನ ವಾರ್ಷಿಕ ಸಂಚಿಕೆ ಕೈಗೆ ಬಂದ ಕೂಡಲೇ ಯಾರೂ ಸಂಪಾದಕೀಯ ಓದುತ್ತಾ ಕೂರುವುದಿಲ್ಲ. ನೇರ ಬಣ್ಣದ ಪುಟಗಳಿಗೆ ಹೋಗುತ್ತಾರೆ. ತಾನೆಲ್ಲಿದ್ದೇನೆ, ಗೆಳತಿ ಎಲ್ಲಿದ್ದಾಳೆ ಅಂತ ಹುಡುಕುತ್ತಾರೆ. ಮುಖ ಸಿಕ್ಕ ಮೇಲೆ ಕಣ್ಣು ತಾನಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ. ಅಲ್ಲಿ ಸಿಗುವುದು ಏನು? ‘ಎನ್ಎಸ್ಎಸ್ ಶಿಬಿರದ ಒಂದು ದೃಶ್ಯ.’ ‘ಕ್ರೀಡಾಕೂಟದ ಸಂಭ್ರಮ.’ ‘ಗಣ್ಯರಿಂದ ದೀಪ ಬೆಳಗುವಿಕೆ.’ ಇಡೀ ಪತ್ರಿಕೆಯಲ್ಲಿ ಎಲ್ಲರೂ ಖಂಡಿತ ಓದುವ ಜಾಗ ಅದೊಂದೇ. ಅಲ್ಲೇ ನಾವು ಏನನ್ನೂ ಹೇಳದೆ ಬಿಟ್ಟುಬಿಡುತ್ತೇವೆ.

ಕಾಲೇಜಿನ ಸಂಪಾದಕ ಮಂಡಳಿಯಲ್ಲಿರುವವರಿಗೆ, ಪತ್ರಿಕೋದ್ಯಮ ವಿಭಾಗದ ಪ್ರಾಯೋಗಿಕ ಪತ್ರಿಕೆ ತರುವವರಿಗೆ, ಭಿತ್ತಿಪತ್ರಿಕೆ ಅಂಟಿಸುವವರಿಗೆ ಈ ಬರಹ. ಇದರ ಅರ್ಧ ಭಾಗ ಬರೆಯಲು ಕೂರುವ ಮೊದಲಿನ ಕೆಲಸದ ಬಗ್ಗೆಯೇ ಇದೆ. ಅದಕ್ಕೆ ಕಾರಣ ಇದೆ. ಕ್ಯಾಪ್ಶನ್ ಕೆಡುವುದು ಹೆಚ್ಚಾಗಿ ಭಾಷೆ ಬಾರದೆ ಅಲ್ಲ. ಫೋಟೋ ತೆಗೆದಾಗ ಯಾರೂ ಹೆಸರು ಕೇಳಿರುವುದಿಲ್ಲ, ಅಷ್ಟೇ. ಮೂರು ತಿಂಗಳು ಕಳೆದ ಮೇಲೆ ಪ್ರೆಸ್ಸಿಗೆ ಕಳಿಸುವ ಹಿಂದಿನ ರಾತ್ರಿ ‘ಇವರು ಯಾರು ಮಾರಾಯ?’ ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುವಾಗ ಉತ್ತರ ಕೊಡುವವರು ಇರುವುದಿಲ್ಲ. ಆಗ ‘ಒಂದು ದೃಶ್ಯ’ ಅನ್ನುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಮುಂದೆ ಬರುವ ಮಾದರಿಗಳಲ್ಲಿನ ಹೆಸರು, ದಿನಾಂಕ, ಲೆಕ್ಕಗಳೆಲ್ಲ ಉದಾಹರಣೆಗೆ ಮಾತ್ರ.

ಹಂತ 1: ಕ್ಯಾಮೆರಾ ಒಬ್ಬರ ಕೈಗೆ, ನೋಟ್‌ಬುಕ್ ಇನ್ನೊಬ್ಬರ ಕೈಗೆ

ಯಾವುದೇ ಕಾರ್ಯಕ್ರಮಕ್ಕೆ ಇಬ್ಬರನ್ನು ಕಳಿಸಿ. ಒಬ್ಬರು ಫೋಟೋ ತೆಗೆಯಲಿ, ಇನ್ನೊಬ್ಬರು ಹೆಸರು ಬರೆದುಕೊಳ್ಳಲಿ. ಫೋಟೋ ತೆಗೆಯುವವರು ಮುಂದಿನ ಕ್ಷಣಕ್ಕೆ ಕಾಯುತ್ತಿರುತ್ತಾರೆ. ಅವರ ಕೈಯಲ್ಲೇ ಪೆನ್ನೂ ಇರಬೇಕು ಅಂದರೆ ಎರಡೂ ಹಾಳಾಗುತ್ತದೆ. ಒಬ್ಬರೇ ಹೋಗಬೇಕಾಗಿ ಬಂದರೆ ಪ್ರತಿ ಒಳ್ಳೆಯ ಫೋಟೋ ತೆಗೆದ ಕೂಡಲೇ ಫೋನಿನಲ್ಲಿ ಒಂದು ವಾಯ್ಸ್ ನೋಟ್ ಮಾಡಿಕೊಳ್ಳಲಿ.

ಆಹ್ವಾನ ಪತ್ರಿಕೆಯ ಒಂದು ಪ್ರತಿ ಜೊತೆಗಿರಲಿ. ಅತಿಥಿಗಳ ಹೆಸರು, ಹುದ್ದೆ, ಇನಿಷಿಯಲ್ ಎಲ್ಲ ಅದರಲ್ಲಿ ಇರುತ್ತದೆ. ಆದರೆ ಅದನ್ನು ನೋಡಿಯೇ ಕ್ಯಾಪ್ಶನ್ ಬರೆಯುವ ಚಾಳಿ ಬೇಡ. ಆಹ್ವಾನ ಪತ್ರಿಕೆಯಲ್ಲಿ ಹೆಸರಿದ್ದವರೆಲ್ಲ ಬಂದಿರುವುದಿಲ್ಲ. ಕೊನೆ ಗಳಿಗೆಯಲ್ಲಿ ಉದ್ಘಾಟಕರು ಬದಲಾಗಿರುತ್ತಾರೆ, ಅಧ್ಯಕ್ಷತೆ ಬೇರೆ ಯಾರೋ ವಹಿಸಿರುತ್ತಾರೆ. ವೇದಿಕೆ ಮೇಲೆ ನಿಜವಾಗಿ ಕೂತವರ ಎದುರಿಗೆ ಟಿಕ್ ಹಾಕಿ, ಬಾರದವರ ಹೆಸರು ಹೊಡೆದುಹಾಕಿ, ಹೊಸದಾಗಿ ಬಂದವರನ್ನು ಸೇರಿಸಿ. ಐದು ನಿಮಿಷದ ಕೆಲಸ.

ಹಂತ 2: ಅಲ್ಲೇ ಕೇಳಿ

ಇದು ಎಲ್ಲಕ್ಕಿಂತ ಮುಖ್ಯ ಹಂತ. ನಾಚಿಕೊಳ್ಳದೆ ಹತ್ತಿರ ಹೋಗಿ. ‘ಕಾಲೇಜು ಪತ್ರಿಕೆಗೆ ಫೋಟೋ ತೆಗೆದಿದ್ದೇವೆ, ನಿಮ್ಮ ಹೆಸರು ಬರೆದುಕೊಡ್ತೀರಾ?’ ಅಂದರೆ ಸಾಕು. ಕೇಳಿಸಿಕೊಂಡು ನೀವು ಬರೆಯುವುದಕ್ಕಿಂತ ನೋಟ್‌ಬುಕ್ ಅವರ ಕೈಗೇ ಕೊಡುವುದು ಒಳ್ಳೆಯದು. ಕನ್ನಡದಲ್ಲೇ ಬರೆದುಕೊಡಲು ಹೇಳಿ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ. ಅದರಲ್ಲಿ ಲ-ಳ, ತ-ಟ, ನ-ಣ ಯಾವುದು ಅಂತ ಗೊತ್ತಾಗುವುದಿಲ್ಲ. ಧಾರವಾಡದ ಕಡೆಯವರು ‘ಪಾಟೀಲ’ ಅಂತ ಬರೆದರೆ ಅದು ಪಾಟೀಲವೇ. ನೀವು ‘ಪಾಟೀಲ್’ ಮಾಡಬೇಡಿ. ಒಬ್ಬರು ಮಹಮ್ಮದ್, ಇನ್ನೊಬ್ಬರು ಮೊಹಮ್ಮದ್, ಮತ್ತೊಬ್ಬರು ಮುಹಮ್ಮದ್ ಅಂತ ಬರೆಯುತ್ತಾರೆ. ಮೂರೂ ಸರಿ. ಯಾರದು ಯಾವುದು ಅನ್ನುವುದಷ್ಟೇ ನಿಮ್ಮ ಕೆಲಸ. ಪತ್ರಿಕೆಗೆ ಒಂದೇ ಕಾಗುಣಿತ ಇರಬೇಕು ಅನ್ನುವ ನಿಯಮ ಜನರ ಹೆಸರಿಗೆ ಅನ್ವಯ ಆಗುವುದಿಲ್ಲ.

ಹೆಸರಿನ ಜೊತೆ ಇನ್ನು ನಾಲ್ಕು ವಿಷಯ ಬೇಕು:

- ತರಗತಿ ಮತ್ತು ವಿಭಾಗ. ‘ನಾಲ್ಕನೇ ಸೆಮಿಸ್ಟರ್ ಬಿ.ಕಾಂ.’ ಅನ್ನುವಷ್ಟು ಸ್ಪಷ್ಟವಾಗಿ.
- ಬಟ್ಟೆಯ ಗುರುತು. ‘ಹಸಿರು ಚೂಡಿದಾರ್, ಎಡಗಡೆ ಮೊದಲನೆಯವರು’ ಅಂತ. ಸಮವಸ್ತ್ರ ಇದ್ದರೆ ಕನ್ನಡಕ, ಜಡೆ, ನಿಂತ ಜಾಗ ಬರೆದುಕೊಳ್ಳಿ.
- ಏನು ನಡೆಯುತ್ತಿತ್ತು? ನಿಮಗೆ ಗೊತ್ತು ಅನಿಸಿದರೂ ಕೇಳಿ.
- ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ಏನಾಯಿತು? ಫೋಟೋದಲ್ಲಿ ಕಾಣದ ಸಂಗತಿ ಸಿಗುವುದು ಇಲ್ಲೇ.

ಹೆಸರು ಬರೆಸಿಕೊಂಡ ಕೂಡಲೇ ನೋಟ್‌ಬುಕ್ಕಿನ ಆ ಪುಟದ ಫೋಟೋವನ್ನೂ ಅದೇ ಕ್ಯಾಮೆರಾದಲ್ಲಿ ತೆಗೆದುಬಿಡಿ. ಗ್ಯಾಲರಿಯಲ್ಲಿ ಚಿತ್ರ, ಅದರ ಪಕ್ಕದಲ್ಲೇ ಹೆಸರಿನ ಹಾಳೆ ಕೂರುತ್ತದೆ. ನೋಟ್‌ಬುಕ್ ಕಳೆದರೂ ಹೆಸರು ಉಳಿಯುತ್ತದೆ.

ಹೆಸರು ಹಾಕಬಹುದಾ ಅಂತ ಅನುಮತಿಯನ್ನೂ ಆಗಲೇ ಕೇಳಿ. ಯಾರಾದರೂ ಬೇಡ ಅಂದರೆ ಕಾರಣ ಕೇಳಬೇಡಿ, ಬಿಟ್ಟುಬಿಡಿ.

ಹಂತ 3: ಅವತ್ತೇ ರಾತ್ರಿ ಫೈಲ್ ಜೋಡಿಸಿ

ಕ್ಯಾಮೆರಾ ಮತ್ತು ಫೋನ್ ಪ್ರತಿ ಫೋಟೋದ ಒಳಗೆ ತೆಗೆದ ದಿನ, ಸಮಯವನ್ನು ದಾಖಲಿಸಿರುತ್ತವೆ. ಲೊಕೇಶನ್ ಆನ್ ಇದ್ದರೆ ಜಾಗವೂ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ, ಚಿತ್ರದ ಗುಣಮಟ್ಟವೂ ಇಳಿಯುತ್ತದೆ. ಹಾಗಾಗಿ ‘ಡಾಕ್ಯುಮೆಂಟ್’ ಅಂತ ಕಳಿಸಿ, ಇಲ್ಲವೇ ಡ್ರೈವ್‌ಗೆ ಹಾಕಿ.

ಈಗ ಕಾಲೇಜುಗಳಲ್ಲಿ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ದಾಖಲೆಗೆ ಅಂತ ಜಿಯೋಟ್ಯಾಗ್ ಫೋಟೋ ತೆಗೆಯುವುದು ಮಾಮೂಲಿ. ಕೆಳಗೆ ನಕ್ಷೆ, ಅಕ್ಷಾಂಶ ರೇಖಾಂಶ, ಸಮಯ ಎಲ್ಲ ಮುದ್ರೆ ಬಿದ್ದ ಫೋಟೋ ಅದು. ದಾಖಲೆಗೆ ಅದು ಬೇಕು ನಿಜ. ಆದರೆ ಪತ್ರಿಕೆಗೆ ಅದನ್ನು ಹಾಕಬೇಡಿ. ಚಿತ್ರದ ಕಾಲು ಭಾಗ ಆ ಪಟ್ಟಿಯೇ ನುಂಗಿರುತ್ತದೆ, ಮುಂದಿನ ಸಾಲಿನಲ್ಲಿ ಕೂತವರ ಮುಖವೇ ಮುಚ್ಚಿಹೋಗಿರುತ್ತದೆ. ಅದೇ ಕ್ಷಣದ್ದು ಪಟ್ಟಿಯಿಲ್ಲದ ಇನ್ನೊಂದು ಫೋಟೋ ತೆಗೆದಿಡಿ. ಪಟ್ಟಿ ಇರುವ ಫೋಟೋದಿಂದ ದಿನಾಂಕವನ್ನು ಕ್ಯಾಪ್ಶನ್‌ಗೆ ತೆಗೆದುಕೊಳ್ಳಿ.

ಒಂದು ಗೂಗಲ್ ಶೀಟ್ ಮಾಡಿ. ಫೈಲ್ ಹೆಸರು, ದಿನಾಂಕ, ಜಾಗ, ಚಿತ್ರದಲ್ಲಿರುವವರು ಎಡದಿಂದ, ಏನು ನಡೆಯುತ್ತಿದೆ, ಫೋಟೋ ತೆಗೆದವರು, ಅನುಮತಿ. ಏಳು ಕಾಲಂ ಸಾಕು. ಫೈಲಿಗೆ ಕ್ಯಾಮೆರಾ ಕೊಟ್ಟ ನಂಬರ್ ಬಿಟ್ಟು ‘2025-02-12-ಖೋಖೋ-ಸೆಮಿ-03’ ಅಂತ ಹೆಸರಿಡಿ. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬಂದರೆ ಕಂಪ್ಯೂಟರ್ ತಾನೇ ಕ್ರಮವಾಗಿ ಜೋಡಿಸುತ್ತದೆ.

ಹಂತ 4: ಕಡಿಮೆ ಫೋಟೋ ಆರಿಸಿ

ಒಂದು ಪುಟಕ್ಕೆ ಹತ್ತು ಫೋಟೋ ತುರುಕಿದರೆ ಕ್ಯಾಪ್ಶನ್‌ಗೆ ಜಾಗ ಇರುವುದಿಲ್ಲ. ಎಲ್ಲಕ್ಕೂ ಸೇರಿಸಿ ಕೆಳಗೆ ಒಂದೇ ಸಾಲು ಬರುತ್ತದೆ. ನಾಲ್ಕೈದು ಸಾಕು, ಪ್ರತಿಯೊಂದಕ್ಕೂ ಎರಡು ಸಾಲಿನ ಜಾಗ ಮೊದಲೇ ಬಿಡಿಸಿಡಿ. ‘ಎಲ್ಲ ವಿಭಾಗದವರೂ ಬರಬೇಕು’ ಅನ್ನುವ ಒತ್ತಾಯ ಪ್ರತಿ ವರ್ಷ ಇದ್ದೇ ಇರುತ್ತದೆ. ಅದಕ್ಕೆ ಪುಟ ಹೆಚ್ಚಿಸಿ, ಫೋಟೋ ಚಿಕ್ಕದು ಮಾಡಬೇಡಿ.

ಹಂತ 5: ಬರೆಯುವ ಮೊದಲು ಚಿತ್ರ ನೋಡಿ

ಪರದೆ ಮೇಲೆ ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡಿ. ಅಲ್ಲಿ ಇಲ್ಲದೇ ಇದ್ದವರೊಬ್ಬರು ಇದನ್ನು ನೋಡಿದರೆ ಮೊದಲು ಏನು ಕೇಳುತ್ತಾರೆ ಅಂತ ಯೋಚಿಸಿ. ಆ ಪ್ರಶ್ನೆಗೆ ಉತ್ತರ ಕ್ಯಾಪ್ಶನ್‌ನಲ್ಲಿ ಇರಲೇಬೇಕು.

ಒಂದು ಫೋಟೋವನ್ನು ಹತ್ತಿರದಿಂದ ನೋಡೋಣ. ಖೋ ಖೋ ಪಂದ್ಯ. ನೀಲಿ ಜರ್ಸಿಯ ಹುಡುಗಿ ಒಂದು ಕೈಯಲ್ಲಿ ಕಂಬ ಹಿಡಿದು, ಇಡೀ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿದ್ದಾಳೆ. ಇನ್ನೊಂದು ಕೈ ಮುಂದೆ ಹೋಗಿದೆ. ಆ ಬೆರಳ ತುದಿಯಿಂದ ಗೇಣು ದೂರದಲ್ಲಿ ಎದುರಾಳಿಯ ಬೆನ್ನು. ಹಿಂದೆ ಸಾಲಾಗಿ ಕುಳಿತ ಆಟಗಾರ್ತಿಯರ ಮುಖವೆಲ್ಲ ಇತ್ತಲೇ ತಿರುಗಿದೆ. ಮಣ್ಣು ಹಾರಿದೆ.

ಇದಕ್ಕೆ ಸಾಮಾನ್ಯವಾಗಿ ಬರುವ ಕ್ಯಾಪ್ಶನ್ ಇದು:

‘ಅಂತರ ಕಾಲೇಜು ಖೋ ಖೋ ಪಂದ್ಯಾವಳಿಯ ಒಂದು ರೋಚಕ ಕ್ಷಣ.’

ರೋಚಕ ಅಂತ ಚಿತ್ರವೇ ಹೇಳುತ್ತಿದೆ. ನೋಡಿದವರಿಗೆ ಬೇಕಾದದ್ದು ಬೇರೆ. ಈ ಹುಡುಗಿ ಯಾರು? ಯಾರ ಜೊತೆ ಪಂದ್ಯ? ಎದುರಾಳಿ ಸಿಕ್ಕಿಬಿದ್ದಳಾ, ತಪ್ಪಿಸಿಕೊಂಡಳಾ? ಪಂದ್ಯ ಏನಾಯಿತು? ಇದರಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ಚಿತ್ರದಿಂದ ಸಿಗುವುದೇ ಇಲ್ಲ. ಮುಂದಿನ ಕ್ಷಣ ಚೌಕಟ್ಟಿನ ಆಚೆ ನಡೆದಿದೆ. ಅಲ್ಲಿದ್ದವರು ಹೇಳಬೇಕು. ಹಂತ 2ರಲ್ಲಿ ‘ಆಮೇಲೆ ಏನಾಯಿತು’ ಅಂತ ಕೇಳಿದ್ದರೆ ಈಗ ಹೀಗೆ ಬರೆಯಬಹುದು:

‘ಕಂಬ ಹಿಡಿದು ಜಿಗಿದು ಎದುರಾಳಿಯನ್ನು ಮುಟ್ಟಲು ಕೈ ಚಾಚಿದ ರೇಖಾ (ನಾಲ್ಕನೇ ಸೆಮಿಸ್ಟರ್ ಬಿ.ಎ.). ಬೆರಳು ತಾಕಲಿಲ್ಲ. ಫೆಬ್ರುವರಿ 12ರಂದು ನಮ್ಮ ಮೈದಾನದಲ್ಲಿ ನಡೆದ ಅಂತರ ಕಾಲೇಜು ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ನಮ್ಮ ಮಹಿಳಾ ತಂಡ ಒಂದು ಅಂಕದಿಂದ ಸೋತಿತು.’

‘ಬೆರಳು ತಾಕಲಿಲ್ಲ’ ಅನ್ನುವ ಎರಡು ಪದ ಓದಿದವರು ಮತ್ತೊಮ್ಮೆ ಫೋಟೋ ನೋಡುತ್ತಾರೆ. ಬೆರಳಿಗೂ ಬೆನ್ನಿಗೂ ನಡುವೆ ಇರುವ ಜಾಗ ಅಳೆಯುತ್ತಾರೆ. ಕ್ಯಾಪ್ಶನ್ ಮಾಡಬೇಕಾದ ಕೆಲಸ ಅದೇ: ಓದುಗರನ್ನು ಚಿತ್ರಕ್ಕೆ ವಾಪಸ್ ಕಳಿಸುವುದು. ಸೋತ ಪಂದ್ಯದ ಫೋಟೋ ಯಾಕೆ ಅಂತ ಯಾರಾದರೂ ಕೇಳಬಹುದು. ಟ್ರೋಫಿ ಹಿಡಿದು ಸಾಲಾಗಿ ನಿಂತ ಫೋಟೋಗಿಂತ ಇದರಲ್ಲಿ ಆಟ ಜಾಸ್ತಿ ಇದೆ, ಧೈರ್ಯವಾಗಿ ಹಾಕಿ.

ಹಂತ 6: ಎರಡು ವಾಕ್ಯದ ಲೆಕ್ಕ

ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕರು ಅನುಸರಿಸುವ ಕ್ರಮ ಸರಳವಾಗಿದೆ. ಮೊದಲ ವಾಕ್ಯದಲ್ಲಿ ಚಿತ್ರದಲ್ಲಿ ಕಾಣುವುದು: ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವತ್ತು. ಎರಡನೆಯ ವಾಕ್ಯದಲ್ಲಿ ಕಾಣದೇ ಇರುವುದು: ಹಿನ್ನೆಲೆ, ಕಾರಣ, ಫಲಿತಾಂಶ. ಈ ಹಂಚಿಕೆ ನಮಗೂ ಚೆನ್ನಾಗಿ ಒದಗುತ್ತದೆ.

ಆದರೆ ಒಂದು ಕಡೆ ಕನ್ನಡ ಬೇರೆ ಹಾದಿ ಹಿಡಿಯುತ್ತದೆ. ಇಂಗ್ಲಿಷ್ ಕ್ಯಾಪ್ಶನ್‌ಗಳ ಮೊದಲ ವಾಕ್ಯ ವರ್ತಮಾನ ಕಾಲದಲ್ಲಿರುತ್ತದೆ. ಅದನ್ನೇ ಹಾಗೇ ತಂದು ‘ವಿದ್ಯಾರ್ಥಿನಿಯರು ಮಣ್ಣು ಹೊರುತ್ತಿದ್ದಾರೆ’ ಅಂತ ಬರೆದರೆ ಕಾಮೆಂಟರಿ ಕೇಳಿದ ಹಾಗೆ ಆಗುತ್ತದೆ. ಮೇ ತಿಂಗಳಲ್ಲಿ ಓದುವವರಿಗೆ ಡಿಸೆಂಬರ್‌ನ ಶಿಬಿರ ಈಗಲೂ ನಡೆಯುತ್ತಿರುವಂತೆ ಕಾಣುತ್ತದೆ. ನಮ್ಮ ದಿನಪತ್ರಿಕೆಗಳು ಹೆಚ್ಚಾಗಿ ಭೂತಕಾಲ ಬಳಸುತ್ತವೆ: ‘ಮಣ್ಣು ಹೊತ್ತರು’, ‘ಉದ್ಘಾಟಿಸಿದರು’. ಇನ್ನೊಂದು ದಾರಿ, ಹೆಸರನ್ನು ಕೊನೆಗೆ ತರುವುದು: ‘ಕೆರೆಯ ಹೂಳು ತುಂಬಿದ ಬುಟ್ಟಿ ಹೊತ್ತು ದಂಡೆ ಏರುತ್ತಿರುವ ಸುಮಾ ಮತ್ತು ಕಾವ್ಯಾ.’ ಓಟ, ನೃತ್ಯ, ದುಡಿಮೆ ಇರುವ ಫೋಟೋಗಳಿಗೆ ಈ ಎರಡನೆಯದೇ ಒಪ್ಪುತ್ತದೆ ಅಂತ ನನ್ನ ಅನಿಸಿಕೆ. ಕಣ್ಣು ಮೊದಲು ಕ್ರಿಯೆ ನೋಡುತ್ತದೆ, ಆಮೇಲೆ ಮುಖ ಹುಡುಕುತ್ತದೆ. ವಾಕ್ಯವೂ ಅದೇ ಕ್ರಮದಲ್ಲಿ ಸಾಗುತ್ತದೆ. ಸಭೆ ಸಮಾರಂಭಗಳಿಗೆ ಭೂತಕಾಲ ಇರಲಿ.

ಹೆಸರು ಕೊನೆಗೆ ಬರುವಾಗ ಒಂದು ಅಪಾಯ ಇದೆ. ಅದರ ಮುಂದೆ ಎಷ್ಟು ಬೇಕಾದರೂ ಪೇರಿಸಬಹುದು. ಹೀಗೆ:

‘ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಎರಡೂ ಘಟಕಗಳ ವತಿಯಿಂದ ಗ್ರಾಮ ಪಂಚಾಯಿತಿಯ ಸಹಯೋಗದಲ್ಲಿ ವಾರ್ಷಿಕ ವಿಶೇಷ ಶಿಬಿರದ ಅಂಗವಾಗಿ ಹಮ್ಮಿಕೊಳ್ಳಲಾಗಿದ್ದ ಶ್ರಮದಾನ ಕಾರ್ಯಕ್ರಮದಲ್ಲಿ ಪಾಲ್ಗೊಂಡ ಶಿಬಿರಾರ್ಥಿಗಳು.’

ಉಸಿರು ಕಟ್ಟಿ ಓದಿದ ಮೇಲೂ ಚಿತ್ರದಲ್ಲಿ ಏನಾಗುತ್ತಿದೆ ಅಂತ ಗೊತ್ತಾಗಲಿಲ್ಲ ಅಲ್ವಾ? ವತಿಯಿಂದ, ಸಹಯೋಗದಲ್ಲಿ, ಅಂಗವಾಗಿ, ಹಮ್ಮಿಕೊಳ್ಳಲಾಗಿದ್ದ: ಈ ನಾಲ್ಕೂ ವರದಿಯ ಪುಟಕ್ಕೆ ಹೋಗಲಿ. ಕ್ಯಾಪ್ಶನ್‌ಗೆ ಇಷ್ಟು ಸಾಕು:

‘ಕೆರೆಯ ಹೂಳು ತುಂಬಿದ ಬುಟ್ಟಿ ಹೊತ್ತು ದಂಡೆ ಏರುತ್ತಿರುವ ಸುಮಾ (ಎಡ) ಮತ್ತು ಕಾವ್ಯಾ. ಎನ್ಎಸ್ಎಸ್‌ನ ಏಳು ದಿನದ ವಿಶೇಷ ಶಿಬಿರದಲ್ಲಿ 50 ಶಿಬಿರಾರ್ಥಿಗಳು ಊರವರ ಜೊತೆ ಸೇರಿ ಈ ಕೆರೆಯ ಕಾಲುವೆ ಬಾಯಿ ಬಿಡಿಸಿದರು.’

ಉದ್ದ ಎಷ್ಟಿರಬೇಕು? 20ರಿಂದ 35 ಪದಗಳ ಒಳಗೆ ಹೆಚ್ಚಿನವು ಮುಗಿಯುತ್ತವೆ. ಮೂರನೆಯ ವಾಕ್ಯ ಬರೆಯುವುದು, ಚಿತ್ರದಲ್ಲಿರುವವರು ಹೇಳಿದ ಒಂದು ಒಳ್ಳೆಯ ಮಾತು ಸಿಕ್ಕಿದ್ದರೆ ಮಾತ್ರ. ಅವರು ಹೇಳಿದ ಮಾತನ್ನೇ ಹಾಕಿ. ‘ತುಂಬಾ ಖುಷಿಯಾಯಿತು’ ಅನ್ನುವಂಥದ್ದಾದರೆ ಬಿಡಿ.

ಹಂತ 7: ಸವೆದ ಮಾತು ತೆಗೆಯಿರಿ

ಕರಡನ್ನು ಒಮ್ಮೆ ಓದಿ, ಈ ಮಾತುಗಳ ಮೇಲೆ ಗೆರೆ ಎಳೆಯಿರಿ: ‘ಒಂದು ದೃಶ್ಯ’, ‘ಒಂದು ನೋಟ’, ‘ಕ್ಯಾಮೆರಾ ಕಣ್ಣಿಗೆ ಸೆರೆಯಾದದ್ದು ಹೀಗೆ’, ‘ಕಂಡುಬಂದದ್ದು ಹೀಗೆ’, ‘ಚಿತ್ರದಲ್ಲಿ ಕಾಣಬಹುದು’, ‘ಸಂಭ್ರಮದ ಕ್ಷಣ’, ‘ನೆರೆದವರ ಮನ ರಂಜಿಸಿತು’. ಇವು ಯಾವ ಫೋಟೋ ಕೆಳಗೆ ಹಾಕಿದರೂ ಕೂರುತ್ತವೆ. ಹಾಗೆ ಎಲ್ಲದಕ್ಕೂ ಕೂರುವುದು ಯಾವುದಕ್ಕೂ ಬೇಕಾಗಿರುವುದಿಲ್ಲ.

‘ಮುಂತಾದವರು ಉಪಸ್ಥಿತರಿದ್ದರು’ ಬಗ್ಗೆ ಎರಡು ಮಾತು. ಚಿತ್ರದಲ್ಲಿ ಐದು ಜನ ಇದ್ದು ನಾಲ್ಕು ಹೆಸರು ಬರೆದು ‘ಮುಂತಾದವರು’ ಅಂದರೆ ಐದನೆಯವರಿಗೆ ಹೇಗನಿಸಬೇಡ? ಹೆಚ್ಚಾಗಿ ಆ ಐದನೆಯವರು ಮೈಕ್ ಸರಿಮಾಡುತ್ತಿದ್ದ ವಿದ್ಯಾರ್ಥಿಯೋ, ತಟ್ಟೆ ಹಿಡಿದು ನಿಂತ ಹುಡುಗಿಯೋ ಆಗಿರುತ್ತಾರೆ. ಮುಖ ಸ್ಪಷ್ಟವಾಗಿ ಕಾಣುವವರು ಐದಾರು ಜನ ಇರುವವರೆಗೆ ಎಲ್ಲರ ಹೆಸರೂ ಬರಲಿ. ಜಾಸ್ತಿ ಇದ್ದರೆ ಚಿತ್ರವನ್ನು ಕತ್ತರಿಸಿ, ಇಲ್ಲವೇ ಕ್ರಿಯೆಯ ನಡುವೆ ಇರುವವರನ್ನಷ್ಟೇ ಹೆಸರಿಸಿ ‘ತಂಡದವರು’ ಅನ್ನಿ.

ಮನಸ್ಸಿನೊಳಗಿನದ್ದನ್ನು ಊಹಿಸಬೇಡಿ. ‘ಭಾವುಕರಾದ ವಿದ್ಯಾರ್ಥಿನಿ’, ‘ಆಳವಾದ ಚಿಂತನೆಯಲ್ಲಿ ಮುಳುಗಿದ ಉಪನ್ಯಾಸಕರು’ ಅಂತ ಬರೆಯಲು ನಿಮಗೆ ಆಧಾರ ಬೇಕು. ಕಣ್ಣೊರೆಸಿಕೊಂಡರು ಅನ್ನುವುದು ಕಾಣುತ್ತದೆ. ಯಾಕೆ ಅನ್ನುವುದು ಅವರಿಗೆ ಮಾತ್ರ ಗೊತ್ತು. ಕೇಳಿ ಬರೆಯಿರಿ.

ತಮಾಷೆಯ ಕ್ಯಾಪ್ಶನ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಿದ್ದೆ ತೂಗುತ್ತಿರುವವರ, ತಿನ್ನುತ್ತಿರುವವರ ಫೋಟೋ ಹಾಕಿ ಕಾಲೆಳೆಯುವುದು ಗೆಳೆಯರ ಗುಂಪಿನಲ್ಲಿ ನಡೆಯುತ್ತದೆ. ಅಚ್ಚಾದ ಪತ್ರಿಕೆ ಮನೆಗೆ ಹೋಗುತ್ತದೆ, ಗ್ರಂಥಾಲಯದಲ್ಲಿ ಉಳಿಯುತ್ತದೆ. ಅವರನ್ನು ಕೇಳಿ ಅವರೂ ನಕ್ಕರೆ ಹಾಕಿ.

ಹಂತ 8: ಎಲ್ಲರಿಗೂ ಒಂದೇ ಗೌರವ

ಕನ್ನಡದಲ್ಲಿ ಕ್ರಿಯಾಪದವೇ ಗೌರವ ತೋರಿಸಿಬಿಡುತ್ತದೆ. ಒಂದೇ ಪುಟದಲ್ಲಿ ಪ್ರಾಂಶುಪಾಲರು ‘ನೆಟ್ಟರು’, ವಿದ್ಯಾರ್ಥಿ ‘ನೆಟ್ಟನು’, ತೋಟದ ಕೆಲಸದವರು ‘ನೆಟ್ಟ’ ಅಂತ ಬಂದರೆ ನಮ್ಮ ಮನಸ್ಸಿನಲ್ಲಿರುವ ಏಣಿ ಅಚ್ಚಾಗಿಬಿಡುತ್ತದೆ. ಎಲ್ಲರಿಗೂ ಬಹುವಚನ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ‘ರೇಖಾ ಗೆದ್ದರು’ ಅಂತ ಬರೆಯುವುದು ಒಂದೆರಡು ಸಲ ವಿಚಿತ್ರ ಅನಿಸಬಹುದು, ಆಮೇಲೆ ಕಿವಿಗೆ ರೂಢಿಯಾಗುತ್ತದೆ. ಹೆಸರಿನ ಹಿಂದೆ ಡಾ., ಪ್ರೊ. ಹುದ್ದೆ ಸೂಚಕ ಇರಲಿ. ಶ್ರೀ, ಶ್ರೀಮತಿ, ಮಾನ್ಯ, ಸನ್ಮಾನ್ಯ ಎಲ್ಲರಿಗೂ ಬಿಡಿ. ಕೆಲವರಿಗೆ ಹಾಕಿ ಕೆಲವರಿಗೆ ಬಿಟ್ಟರೆ ತಕರಾರು ಬರುವುದು ಖಂಡಿತ.

ಹೆಸರಿನ ವಿಷಯದಲ್ಲೂ ಹಾಗೇ. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಹೆಸರು ಮಾಡಿದ್ದು ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ತೆಗೆದು. ನಮ್ಮ ಕಾಲೇಜುಗಳಲ್ಲೂ ಅಂಥ ಮುಖಗಳಿವೆ: ಪ್ರಯೋಗಾಲಯದ ಸಹಾಯಕರು, ಹಾಸ್ಟೆಲ್ ಅಡುಗೆಯವರು, ಗೇಟಿನ ಕಾವಲುಗಾರರು. ಅವರ ಫೋಟೋ ಬಂದರೂ ಹೆಸರು ಬರುವುದಿಲ್ಲ, ‘ಅಡುಗೆ ಸಿಬ್ಬಂದಿ’ ಅಂತ ಮುಗಿದುಹೋಗುತ್ತದೆ. ಇದನ್ನು ಬದಲಿಸುವುದು ನಿಮ್ಮ ಕೈಯಲ್ಲೇ ಇದೆ.

ಸನ್ಮಾನದ ಫೋಟೋಗಳನ್ನೇ ತೆಗೆದುಕೊಳ್ಳಿ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲ ಒಂದೇ ಥರ ಇರುತ್ತವೆ. ಕ್ಯಾಪ್ಶನ್ ಅವುಗಳನ್ನು ಬೇರೆ ಮಾಡಬೇಕು. ‘ನಿವೃತ್ತರಾದ ನಿಂಗಪ್ಪ ಅವರನ್ನು ಸನ್ಮಾನಿಸಲಾಯಿತು’ ಅನ್ನುವುದನ್ನು ಬಿಟ್ಟು, ‘31 ವರ್ಷ ರಸಾಯನಶಾಸ್ತ್ರ ಪ್ರಯೋಗಾಲಯ ನೋಡಿಕೊಂಡ ನಿಂಗಪ್ಪ ಅವರಿಗೆ ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿಗಳು ಶಾಲು ಹೊದಿಸಿದರು. ಬ್ಯುರೆಟ್ ಹಿಡಿಯುವುದನ್ನು ಅವರಿಂದಲೇ ಕಲಿತದ್ದು ಎಂದು ವಿದ್ಯಾರ್ಥಿಗಳು ನೆನೆದರು’ ಅಂತ ಬರೆಯಿರಿ. ಯಾಕೆ ಸನ್ಮಾನ ಅನ್ನುವುದು ಈಗ ಗೊತ್ತಾಯಿತು.

ಹಂತ 9: ಗುಂಪು ಫೋಟೋ

‘ಎಡದಿಂದ ಬಲಕ್ಕೆ’ ಅಂದರೆ ನೋಡುವವರ ಎಡದಿಂದ. ಚಿತ್ರದಲ್ಲಿರುವವರ ಎಡಗೈ ಕಡೆಯಿಂದ ಅಲ್ಲ. ಹೆಸರು ಬರೆದುಕೊಳ್ಳುವವರು ಕ್ಯಾಮೆರಾದ ಪಕ್ಕದಲ್ಲೇ ನಿಂತರೆ ಈ ಗೊಂದಲ ಬರುವುದಿಲ್ಲ.

ಸಾಲುಗಳನ್ನು ಹೀಗೆ ಹೆಸರಿಸಿ: ‘ಕುಳಿತವರು (ಎಡದಿಂದ)’, ‘ನಿಂತವರು, ಮೊದಲ ಸಾಲು’, ‘ನಿಂತವರು, ಎರಡನೇ ಸಾಲು’. ಸಾಲು ವಕ್ರವಾಗಿದ್ದು ಯಾರು ಯಾವ ಸಾಲಿಗೆ ಸೇರಿದವರು ಅನ್ನುವ ಅನುಮಾನ ಇದ್ದರೆ, ಚಿತ್ರದ ಪ್ರಿಂಟ್ ತೆಗೆದು ಪ್ರತಿ ತಲೆಯ ಮೇಲೂ ಪೆನ್ನಿನಿಂದ ನಂಬರ್ ಹಾಕಿ. ಆ ಹಾಳೆಯನ್ನು ತರಗತಿಯಲ್ಲಿ ಒಂದು ಸುತ್ತು ಕಳಿಸಿದರೆ ಪ್ರತಿಯೊಬ್ಬರೂ ತಮ್ಮ ನಂಬರಿನ ಎದುರು ಹೆಸರು ಬರೆದುಕೊಡುತ್ತಾರೆ. 60 ಜನರ ತರಗತಿಯಾದರೂ ಒಂದು ಪಿರಿಯಡ್‌ನಲ್ಲಿ ಮುಗಿಯುತ್ತದೆ. ಅವತ್ತು ರಜೆ ಹಾಕಿದವರನ್ನು ‘ಚಿತ್ರದಲ್ಲಿ ಇಲ್ಲದವರು’ ಅಂತ ಕೊನೆಗೆ ಸೇರಿಸಿ. ಅವರೂ ಆ ತರಗತಿಯವರೇ.

ಎಲ್ಲ ಬರೆದ ಮೇಲೆ ತಲೆ ಎಣಿಸಿ, ಹೆಸರು ಎಣಿಸಿ. ಎರಡೂ ಸಮ ಇರಬೇಕು.

ಹಂತ 10: ಹೆಸರು ಹಾಕಬಾರದ ಕಡೆ

ಹೆಸರು ಹಾಕಿ ಅಂತ ಇಷ್ಟು ಹೇಳಿದ ಮೇಲೆ, ಹಾಕಬಾರದ ಜಾಗಗಳನ್ನೂ ಹೇಳಬೇಕು. ಪಿಯು ವಿದ್ಯಾರ್ಥಿಗಳಲ್ಲಿ ಬಹುಪಾಲು 18 ತುಂಬದವರು. ಶಾಲಾ ಪತ್ರಿಕೆಯಾದರಂತೂ ಎಲ್ಲರೂ ಮಕ್ಕಳೇ. ಪೋಷಕರ ಒಪ್ಪಿಗೆಯನ್ನು ವರ್ಷದ ಆರಂಭದಲ್ಲೇ ಬರಹದಲ್ಲಿ ಪಡೆದಿಡಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಮತ್ತು 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74, ಪ್ರಕರಣಗಳಲ್ಲಿ ಸಿಲುಕಿದ ಮಕ್ಕಳ ಗುರುತು ಹೊರಗೆಡಹುವುದನ್ನು ತಡೆಯುತ್ತವೆ. ಹೆಸರಷ್ಟೇ ಅಲ್ಲ, ವಿಳಾಸ, ಶಾಲೆ, ಫೋಟೋ ಕೂಡ ಸಲ್ಲದು. ಬಾಲಮಂದಿರಕ್ಕೆ ಎನ್ಎಸ್ಎಸ್ ತಂಡ ಭೇಟಿ ಕೊಟ್ಟ ಫೋಟೋದಲ್ಲಿ ಮಕ್ಕಳ ಮುಖ ಕಾಣುವಂತೆ ಹಾಕಲೇಬಾರದು. ನಿಮ್ಮ ಸ್ವಯಂಸೇವಕರು ಕೆಲಸ ಮಾಡುತ್ತಿರುವ, ಮಕ್ಕಳ ಬೆನ್ನು ಮಾತ್ರ ಕಾಣುವ ಚಿತ್ರ ಆರಿಸಿ.

ಕಾನೂನು ತಡೆಯದಿದ್ದರೂ ನಾವೇ ತಡೆಯಬೇಕಾದವು ಇವೆ. ‘ಬಡ ವಿದ್ಯಾರ್ಥಿಗಳಿಗೆ ಸಮವಸ್ತ್ರ ವಿತರಣೆ’ ಅಂತ ಮುಖದ ಜೊತೆ ಅಚ್ಚು ಮಾಡಿದರೆ, ನಾಳೆ ಆ ಹುಡುಗ ತರಗತಿಗೆ ಹೇಗೆ ಹೋಗಬೇಕು? ಕೊಟ್ಟವರ ಹೆಸರು ಬರೆಯಿರಿ, ಪಡೆದವರ ಮುಖ ಬಿಡಿ. ಗಾಲಿಕುರ್ಚಿಯಲ್ಲಿ ಕೂತು ಚೆಸ್ ಆಡುತ್ತಿರುವವರು ಮೊದಲು ಚೆಸ್ ಆಟಗಾರರು. ಅಂಗವೈಕಲ್ಯ, ಜಾತಿ, ಧರ್ಮ ಆ ಚಿತ್ರದ ವಿಷಯಕ್ಕೆ ಸಂಬಂಧ ಇಲ್ಲದಿದ್ದರೆ ಬೇಡ. ಫೋನ್ ನಂಬರ್, ಹಾಸ್ಟೆಲ್ ಕೊಠಡಿ ಸಂಖ್ಯೆ ಯಾರದೂ ಬೇಡ.

ಹಳೆಯ ಫೋಟೋ ಬಳಸಿದರೆ ‘ಸಂಗ್ರಹ ಚಿತ್ರ’ ಅಂತ ಹೇಳಿ, ವರ್ಷ ಕೊಡಿ. ಕ್ಯಾಮೆರಾಗೆ ಅಂತಲೇ ನಿಲ್ಲಿಸಿ ತೆಗೆದದ್ದನ್ನು ತಾನಾಗಿ ನಡೆದದ್ದು ಅನ್ನುವಂತೆ ಬರೆಯಬೇಡಿ. ಎಐ ಬಳಸಿ ಮಾಡಿದ ಚಿತ್ರವಾದರೆ ಅದನ್ನೂ ಅಲ್ಲೇ ತಿಳಿಸಿ.

ಹಂತ 11: ಫೋಟೋ ತೆಗೆದವರ ಹೆಸರು

ಕ್ಯಾಪ್ಶನ್ ಕೊನೆಗೆ ‘ಚಿತ್ರ: ಇಂಥವರು, ಆರನೇ ಸೆಮಿಸ್ಟರ್ ಬಿ.ಎ.’ ಅಂತ ಬರಲಿ. ಬಿಸಿಲಲ್ಲಿ ನಿಂತವರಿಗೆ ಅದೊಂದೇ ಸಂಬಳ.

‘ಚಿತ್ರಕೃಪೆ: ಅಂತರ್ಜಾಲ’ ಅಂತ ಬರೆಯುವ ರೂಢಿ ಬಿಡಬೇಕು. ಅಂತರ್ಜಾಲ ಫೋಟೋ ತೆಗೆಯುವುದಿಲ್ಲ, ಯಾರೋ ಒಬ್ಬರು ತೆಗೆದಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಫೋಟೋಗಳಿಗೂ ಅನ್ವಯಿಸುತ್ತದೆ. ಫೋಟೋ ತೆಗೆದವರ ಜೀವಿತಾವಧಿ, ಅದರ ನಂತರ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಹೊರಗಿನ ಚಿತ್ರ ಬೇಕೇ ಬೇಕಾದರೆ ಮುಕ್ತ ಪರವಾನಗಿಯ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ, ಅಲ್ಲಿ ಕೊಟ್ಟಿರುವ ಛಾಯಾಗ್ರಾಹಕರ ಹೆಸರು ಮತ್ತು ಪರವಾನಗಿ ಎರಡನ್ನೂ ಕ್ಯಾಪ್ಶನ್‌ನಲ್ಲಿ ಹಾಕಿ.

ಹಂತ 12: ಪ್ರೂಫ್

ಕ್ಯಾಪ್ಶನ್ ಬರೆದವರೇ ಪ್ರೂಫ್ ನೋಡಬಾರದು. ಕಾರ್ಯಕ್ರಮಕ್ಕೆ ಹೋಗದಿದ್ದ ಒಬ್ಬರಿಗೆ ಕೊಡಿ. ಚಿತ್ರ ಮುಚ್ಚಿ ಬರೀ ಕ್ಯಾಪ್ಶನ್ ಓದಿಸಿ, ಏನು ಕಾಣಬಹುದು ಅಂತ ಕೇಳಿ. ಆಮೇಲೆ ಚಿತ್ರ ತೋರಿಸಿ. ಎರಡೂ ಹೊಂದದಿದ್ದರೆ ವಾಕ್ಯ ತಿದ್ದಿ.

ಪ್ರೆಸ್ಸಿನಿಂದ ಪುಟ ಬಂದಾಗ ಮತ್ತೆ ನೋಡಲೇಬೇಕಾದವು ಎರಡಿವೆ. ಒಂದು, ಕತ್ತರಿ. ಪುಟಕ್ಕೆ ಹೊಂದಿಸುವಾಗ ವಿನ್ಯಾಸ ಮಾಡುವವರು ಫೋಟೋದ ಅಂಚು ಕತ್ತರಿಸಿರುತ್ತಾರೆ. ಎಡತುದಿಯವರು ಮಾಯವಾಗಿರುತ್ತಾರೆ, ಆದರೆ ಕ್ಯಾಪ್ಶನ್‌ನಲ್ಲಿ ಅವರ ಹೆಸರೇ ಮೊದಲು ಇರುತ್ತದೆ. ಅಲ್ಲಿಂದ ಮುಂದೆ ಎಲ್ಲರಿಗೂ ಪಕ್ಕದವರ ಹೆಸರು! ಕೆಲವೊಮ್ಮೆ ಚಂದ ಕಾಣಲಿ ಅಂತ ಫೋಟೋವನ್ನೇ ಎಡಬಲ ತಿರುಗಿಸಿರುತ್ತಾರೆ. ಹಿಂದಿನ ಬ್ಯಾನರ್‌ನ ಅಕ್ಷರ ತಿರುಗುಮುರುಗಾಗಿದೆಯಾ ನೋಡಿ.

ಎರಡು, ಅಕ್ಷರ. ನೀವು ಫೋನಿನಲ್ಲಿ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿರುತ್ತೀರಿ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಅಥವಾ ಬರಹ ಫಾಂಟ್‌ಗೆ ಬದಲಿಸಿಕೊಂಡೇ ಪುಟ ಕಟ್ಟುತ್ತಾರೆ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು, ಅಂಕಿ, ಚಿಹ್ನೆಗಳು ಕೆಡುವುದುಂಟು. ಐಶ್ವರ್ಯಾ, ಕೀರ್ತನಾ, ಪೂರ್ಣಿಮಾ, ಹರ್ಷಿತಾ ಥರದ ಹೆಸರುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿ. ಲೇಖನದಲ್ಲಿ ಒಂದು ಒತ್ತು ಹೋದರೆ ಓದುಗರು ಸರಿಮಾಡಿಕೊಂಡು ಓದುತ್ತಾರೆ. ಹೆಸರಿನಲ್ಲಿ ಹೋದರೆ ಆ ಒಬ್ಬರಿಗೆ ಇಡೀ ಸಂಚಿಕೆಯೇ ಬೇಸರ ತರುತ್ತದೆ.

ಹಂತ 13: ಅದೇ ಫೋಟೋ ಆನ್‌ಲೈನ್‌ಗೆ ಹೋದಾಗ

ಪಿಡಿಎಫ್ ಪುಟದ ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುವಾಗ ಕ್ಯಾಪ್ಶನ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದ ಮೇಲೆ. ಹಾಗಾಗಿ ಹೆಸರು ಮತ್ತು ಕ್ರಿಯೆ ಮೊದಲ ಸಾಲಿನಲ್ಲೇ ಬರಲಿ, ಹ್ಯಾಷ್‌ಟ್ಯಾಗ್ ಕೊನೆಗೆ.

ಜೊತೆಗೆ ಆಲ್ಟ್ ಪಠ್ಯ ಅನ್ನುವ ಒಂದು ಜಾಗ ಇರುತ್ತದೆ. ಕಣ್ಣು ಕಾಣದ ಗೆಳೆಯರು ಫೋನಿನ ಸ್ಕ್ರೀನ್ ರೀಡರ್‌ನಲ್ಲಿ ಕೇಳುವುದು ಇದನ್ನೇ. ಇಲ್ಲಿ ಹಿನ್ನೆಲೆ ಬೇಡ, ಕಾಣುವುದನ್ನು ಹೇಳಿ: ‘ನೀಲಿ ಜರ್ಸಿಯ ಆಟಗಾರ್ತಿ ಒಂದು ಕೈಯಲ್ಲಿ ಕಂಬ ಹಿಡಿದು ನೆಲಕ್ಕೆ ಸಮಾನಾಂತರವಾಗಿ ಜಿಗಿದಿದ್ದಾರೆ. ಮುಂದೆ ಓಡುತ್ತಿರುವವರ ಬೆನ್ನಿಗೂ ಅವರ ಬೆರಳಿಗೂ ಸ್ವಲ್ಪವೇ ಅಂತರ ಇದೆ.’ ಕ್ಯಾಪ್ಶನ್ ಅನ್ನೇ ನಕಲು ಮಾಡಿ ಅಂಟಿಸಿದರೆ ಅವರಿಗೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ.

ತಪ್ಪು ಸಿಕ್ಕಿದಾಗ

ಇಷ್ಟೆಲ್ಲ ಮಾಡಿದರೂ ಒಂದೆರಡು ಹೆಸರು ತಪ್ಪಬಹುದು. ಆನ್‌ಲೈನ್‌ನಲ್ಲಿ ಕೂಡಲೇ ತಿದ್ದಿ, ತಿದ್ದಿದ್ದೇವೆ ಅಂತ ಒಂದು ಸಾಲು ಸೇರಿಸಿ. ಅಚ್ಚಾದ ಸಂಚಿಕೆಗೆ ಪುಟದ ಸಂಖ್ಯೆ, ಸರಿಯಾದ ಹೆಸರು ಇರುವ ಚಿಕ್ಕ ತಿದ್ದುಪಡಿ ಚೀಟಿ ಮಾಡಿ ಹಂಚದೆ ಉಳಿದ ಪ್ರತಿಗಳಲ್ಲಿ ಇಡಿ. ಗ್ರಂಥಾಲಯದ ಪ್ರತಿಗೆ ಖಂಡಿತ ಅಂಟಿಸಿ. ತಪ್ಪಾದವರ ಹತ್ತಿರ ತಂಡದಿಂದ ಒಬ್ಬರು ಹೋಗಿ ಮುಖಕ್ಕೆ ಮುಖ ಕ್ಷಮೆ ಕೇಳಲಿ.

ಹಂತ 3ರಲ್ಲಿ ಮಾಡಿದ ಶೀಟ್ ಅಳಿಸಬೇಡಿ. ಅಚ್ಚಾಗದೆ ಉಳಿದ ನೂರಾರು ಫೋಟೋಗಳ ಹೆಸರುಗಳೂ ಅದರಲ್ಲೇ ಇರುತ್ತವೆ. ಫೋಟೋ ಫೋಲ್ಡರ್ ಜೊತೆ ಅದನ್ನೂ ಕಾಲೇಜಿನ ಡ್ರೈವ್‌ಗೆ ಹಾಕಿ, ಒಂದು ಪ್ರಿಂಟ್ ತೆಗೆದು ಗ್ರಂಥಾಲಯಕ್ಕೆ ಕೊಡಿ, ಪಾಸ್‌ವರ್ಡ್ ಮುಂದಿನ ವರ್ಷದ ಸಂಪಾದಕರಿಗೆ ಒಪ್ಪಿಸಿ.